ಅಕ್ಕನಿಗೆ ತಿಳಿಯುವ ಧಾಟಿ

ಆಸ್ಪತ್ರೆಯ ಅಡ್ಮಿಷನ್ ಫಾರಂನಲ್ಲಿ ಅಕ್ಕನ ಹೆಸರು, ವಯಸ್ಸು, ಊರು ತುಂಬಿದ ಮೇಲೆ ‘ಮದರ್ ಟಂಗ್’ ಎಂಬ ಕಾಲಂ ಬಂತು. ನಾನು ಒಂದು ಕ್ಷಣವೂ ಯೋಚಿಸದೆ ‘ತಮಿಳ್’ ಎಂದು ಬರೆದೆ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ಕೈಬರಹ. ಕೌಂಟರಿನ ಹುಡುಗಿ ಅದನ್ನು ನೋಡಿ ‘ನೈಸ್ ಹ್ಯಾಂಡ್‌ರೈಟಿಂಗ್, ಮೇಡಂ’ ಎಂದಳು. ಸುಳ್ಳು ಬರೆದೆ ಎಂದು ನನಗೆ ಅನ್ನಿಸಲೇ ಇಲ್ಲ. ನಮ್ಮವರಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಶಾಲೆಯವರು ಕೇಳಲಿ, ಬ್ಯಾಂಕಿನವರು ಕೇಳಲಿ, ಜನಗಣತಿಗೆ ಬಂದವರು ಕೇಳಲಿ, ತಮಿಳು ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗುವುದು ನಮ್ಮ ಕಡೆಯ ರೂಢಿ. ಮನೆಯೊಳಗೆ ಆಡುವುದಕ್ಕೆ ಕನ್ನಡ ಎಂಬ ಹೆಸರೂ ನಮ್ಮಲ್ಲಿರಲಿಲ್ಲ. ಅದು ‘ನಮ್ ಮಾತು’, ಅಷ್ಟೆ. ಅದನ್ನು ಹೊಸ್ತಿಲಿನ ಈಚೆಗೆ ತರುವುದೆಂದರೆ ಒಳಲಂಗದಲ್ಲಿ ಬೀದಿಗೆ ಬಂದ ಹಾಗೆ.

ಅಕ್ಕನಿಗಾಗ ಎಪ್ಪತ್ತನಾಲ್ಕು, ನನಗೆ ಅರವತ್ತೆಂಟು. ಹೊಸ ಶತಮಾನ ಬಂದು ನಾಲ್ಕೋ ಐದೋ ವರ್ಷ ಕಳೆದಿತ್ತು. ಅನ್ನೂರಿನ ಆಚೆ, ತೋಟದ ಮನೆಯ ಕೊಟ್ಟಿಗೆಯಲ್ಲಿ, ಸ್ಟ್ರೋಕ್ ಆಗಿ ಅಕ್ಕ ಬಿದ್ದಿದ್ದಳು. ಬಲಗೈ ಬಲಗಾಲು ಹೋದವು. ಮಾತೂ ಹೋಯಿತು. ಗಂಟಲಿನ ಹಿಡಿತ ತಪ್ಪಿದ್ದರಿಂದ ಮೂಗಿಗೆ ಟ್ಯೂಬ್ ಇಳಿಸಿ ಅದರಲ್ಲೇ ಆಹಾರ ಬಿಡುತ್ತಿದ್ದರು. ನಾನು ಕೊಯಮತ್ತೂರಿನಲ್ಲೇ ಇರುವ ರಿಟೈರ್ಡ್ ಇಂಗ್ಲಿಷ್ ಟೀಚರ್, ಆದ್ದರಿಂದ ಹಗಲಿನ ಡ್ಯೂಟಿ ನನ್ನದಾಯಿತು, ರಾತ್ರಿಯದು ಅಕ್ಕನ ಮಗನದು. ಅವನ ಹೆಂಡತಿ ಹಸು, ಮಕ್ಕಳು, ತೋಟ ಎಂದು ಅನ್ನೂರಿನಲ್ಲೇ ಉಳಿದಿದ್ದಳು.

ಸ್ಪೀಚ್ ಥೆರಪಿಸ್ಟ್ ಹುಡುಗಿಯೊಬ್ಬಳು ಎರಡು ವಾರದಲ್ಲಿ ಮೂರು ಸಲ ಬಂದು ಅಕ್ಕನನ್ನು ಪರೀಕ್ಷೆ ಮಾಡಿದಳು. ಕಣ್ಣು ಮುಚ್ಚಿ, ಬಾಯಿ ತೆಗೆಯಿರಿ, ಎಡಗೈ ಎತ್ತಿ. ಎಲ್ಲವೂ ತಮಿಳಿನಲ್ಲಿ, ಕಷ್ಟಪಟ್ಟು ಕಲಿತಂಥ ನಿಧಾನವಾದ ತಮಿಳಿನಲ್ಲಿ. ಅಕ್ಕ ಒಮ್ಮೆ ಅವಳ ಮುಖ ನೋಡಿ ಆಮೇಲೆ ಬಾಗಿಲ ಕಡೆ ನೋಡುತ್ತಿದ್ದಳು. ನಾನೂ ತಮಿಳಿನಲ್ಲೇ ಕೇಳಿದೆ, ಅಕ್ಕನ ಮಗನೂ ಕೇಳಿದ. ಅಕ್ಕನ ಕಣ್ಣು ನಮ್ಮ ಮೇಲಿರುತ್ತಿತ್ತು, ಮಾತು ಒಳಗೆ ಹೋಗುತ್ತಿರಲಿಲ್ಲ.

ಹದಿನೈದನೆಯ ದಿನ ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ವಿವರಿಸಿದರು. ಕಾಂಪ್ರಿಹೆನ್ಷನ್ ನಿಲ್, ತಿಳಿವಳಿಕೆ ಸೊನ್ನೆ. ಹೇಳಿದ್ದು ತಿಳಿಯದ ಪೇಷಂಟಿಗೆ ನುಂಗುವುದನ್ನು ಮತ್ತೆ ಕಲಿಸಲು ಆಗುವುದಿಲ್ಲ. ಹಾಗೇ ಬಾಯಿಗೆ ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಒಂದು ಸಣ್ಣ ಆಪರೇಷನ್ ಮಾಡಿ ನೇರ ಹೊಟ್ಟೆಗೇ ಟ್ಯೂಬ್ ಹಾಕುತ್ತೇವೆ, ಆಮೇಲೆ ಮನೆಗೆ ಕರೆದುಕೊಂಡು ಹೋಗಬಹುದು.

‘ಐ ಅಂಡರ್‌ಸ್ಟ್ಯಾಂಡ್, ಡಾಕ್ಟರ್’ ಎಂದೆ.

ಅಕ್ಕನ ಮಗ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ, ತಾಯಿಯ ಮುಖ ನೋಡದೆ, ಅನ್ನೂರಿನ ಬಸ್ಸು ಹಿಡಿಯಲು ಗಾಂಧಿಪುರಂ ಸ್ಟ್ಯಾಂಡಿಗೆ ಹೊರಟುಹೋದ. ಇವತ್ತು ಹೆಂಡತಿಯನ್ನು ಕಳಿಸುತ್ತೇನೆ ಎಂದ. ಹಾಸಿಗೆಯ ಪಕ್ಕ ಕುಳಿತು ಡಾಕ್ಟರು ಹೇಳಿದ್ದನ್ನು ನನ್ನೊಳಗೇ ಮತ್ತೊಮ್ಮೆ ಹೇಳಿಕೊಂಡೆ. ಹೊಟ್ಟೆಗೆ ಟ್ಯೂಬ್ ಎಂದರೆ ಇನ್ನು ಅವಳ ನಾಲಗೆಗೆ ಏನೂ ತಾಗುವುದಿಲ್ಲ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ತಿಳಿವಳಿಕೆ ಇಲ್ಲ ಎಂದು ಕೇಸ್ ಶೀಟಿನಲ್ಲಿ ಬರೆದ ಮೇಲೆ ಮನೆಯಲ್ಲಿ ಅವಳನ್ನು ಯಾರು ಮಾತಾಡಿಸುತ್ತಾರೆ? ಒಗೆಯುತ್ತಾರೆ, ಒರೆಸುತ್ತಾರೆ, ಮಗ್ಗುಲು ಬದಲಿಸುತ್ತಾರೆ. ಮಾತಾಡಿಸುವುದಿಲ್ಲ.

ಎರಡು ಗಂಟೆಗೆ ಸೊಸೆ ಬಂದಳು. ಕಾಂಗೇಯಂ ಕಡೆಯವಳು, ಎಣ್ಣೆ ಗಾಣದವರ ಮಗಳು, ಅಪ್ಪಟ ತಮಿಳು ಮನೆಯವಳು. ನನ್ನನ್ನು ಕರೆಯುವುದು ‘ಚಿನ್ನತ್ತೆ’ ಎಂದು, ಅಂದರೆ ಚಿಕ್ಕತ್ತೆ. ಅವಳು ಆಡಿದ್ದೆಲ್ಲ ತಮಿಳೇ. ಇಲ್ಲಿ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆದರೆ ಮಾತಿನ ಕೊನೆಗೆ ಗೌರವಕ್ಕೆಂದು ಆ ಸೀಮೆಯವರು ಕಟ್ಟುವ ‘ಉಂಗ’ವನ್ನು ಬಿಟ್ಟರೆ ಅದು ಅವಳ ಮಾತೇ ಅಲ್ಲ.

ನರ್ಸ್ ಟ್ಯೂಬ್ ಸರಿಮಾಡಲು ಬಂದಾಗ ನನ್ನನ್ನು ಹೊರಗೆ ಕಳಿಸಿದಳು. ಸೊಸೆ ಹಾಸಿಗೆ ಬಟ್ಟೆ ಬದಲಿಸಲು ಒಳಗೇ ಇದ್ದಳು. ಐದು ನಿಮಿಷ ಬಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

‘ಏನುಂಗ ಚಿನ್ನತ್ತೆ, ಅತ್ತೆಗೆ ತಿಳಿವಳಿಕೆ ಇಲ್ಲ ಅಂತ ಯಾರು ಹೇಳಿದ್ದು?’

‘ಡಾಕ್ಟರು.’

‘ಆ ನರ್ಸಮ್ಮ ಮೇಲೆ ಬಗ್ಗಿ ಟ್ಯೂಬ್ ಎಳೀತಿದ್ದಾಗ ಅತ್ತೆ ಬೈದ್ರುಂಗ. “ವಸಿ ಅತ್ತಗೆ ನಿಂತ್ಕ” ಅಂದ್ರು. ನಾಲಿಗೆ ತೊದಲುತ್ತೆ, ಆದ್ರೂ ಅದೇ ಮಾತು. ಹಾಲು ಕರೆಯೋವಾಗ ಹಸು ಮೇಲೆ ಬಿದ್ರೆ ದಿನಾ ಅನ್ನೋದು ಅದನ್ನೇ.’

‘ನರ್ಸ್ ಏನಂದಳು?’

‘ಅಜ್ಜಿ ಏನೋ ಬಡಬಡಿಸ್ತಾ ಇದೆ ಅಂದಳು. ಬಡಬಡಿಸೋದಾ ಅದು? ಅವಳು ಎಮ್ಮೆ ಹಂಗೆ ಮೇಲೆ ಬಿದ್ದಿದ್ದಳು, ದೂರ ನಿಲ್ಲು ಅಂದ್ರು. ಸರಿಯಾಗೇ ಅಂದ್ರುಂಗ.’

ನಾನು ಕಾರಿಡಾರಿನ ಬೆಂಚಿನ ಮೇಲೆ ಕುಳಿತುಬಿಟ್ಟೆ. ವಸಿ ಅತ್ತಗೆ ನಿಂತ್ಕ. ಸ್ವಲ್ಪ ಆ ಕಡೆ ನಿಲ್ಲು. ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು. ಭಾವ ತೀರಿಕೊಂಡು ಒಂಬತ್ತು ವರ್ಷ. ಅಕ್ಕನ ಮಗನಿಗೆ ನಮ್ಮ ಮಾತು ಕೇಳಿದರೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಸೊಸೆಯೊಂದಿಗೆ ತಮಿಳು. ಹಾಗಾದರೆ ಇಷ್ಟು ವರ್ಷ ಅಕ್ಕ ನಮ್ಮ ಮಾತನ್ನು ಆಡುತ್ತಿದ್ದುದು ಹಸುಗಳ ಜೊತೆ. ನನ್ನ ಜೊತೆ ಯಾಕಿಲ್ಲ ಎಂಬುದಕ್ಕೆ ಉತ್ತರ ನನಗೆ ಗೊತ್ತಿತ್ತು.

ನಮ್ಮ ಹಿರಿಯರು ಮೈಸೂರು ಸೀಮೆಯಿಂದ ಘಟ್ಟ ಇಳಿದು ಬಂದವರಂತೆ. ಎಷ್ಟು ತಲೆಮಾರಿನ ಹಿಂದೆ ಎಂದು ಯಾರಿಗೂ ತಿಳಿಯದು. ಪದಗಳನ್ನು ದನಕರುಗಳ ಜೊತೆ ಹೊಡೆದುಕೊಂಡು ಬಂದರು. ಧಾಟಿ ಮಾತ್ರ ಇಲ್ಲಿಯದು. ಬಾವಿ ತೋಡುವವರು, ಹತ್ತಿ ಬಿಡಿಸುವವರು, ಸಂತೆಯಲ್ಲಿ ಎತ್ತು ಕೊಳ್ಳುವವರು, ಎಲ್ಲರ ತಮಿಳೂ ಮಾತಿನ ಕೊನೆಯನ್ನು ಇಳಿಸದೆ ಮೇಲಕ್ಕೆ ಎತ್ತಿ ಎಳೆಯುತ್ತದೆ. ಆ ಎಳೆತ ನಮ್ಮ ಮಾತಿಗೂ ಹತ್ತಿಕೊಂಡಿತು. ಒಳಗಿದ್ದವರಿಗೆ ಅದು ಕೇಳಿಸುವುದಿಲ್ಲ. ನನಗೆ ಕೇಳಿಸಿದ್ದು ಮೈಸೂರಿಗೆ ಹೋದ ಮೇಲೆ.

ಅಪ್ಪ ನನ್ನನ್ನು ಮಾತ್ರ ಕೊಯಮತ್ತೂರಿನ ಕಾನ್ವೆಂಟಿಗೆ ಹಾಕಿದ್ದರು. ಅಕ್ಕ ಆಗಲೇ ದೊಡ್ಡವಳು, ದನಗಳಿಗೆ ಬೇಕಾದವಳು. ಅಲ್ಲಿಂದ ಟೀಚರ್ಸ್ ಟ್ರೈನಿಂಗಿಗೆಂದು ಮೈಸೂರಿಗೆ ಹೋದೆ. ಹಾಸ್ಟೆಲಿನ ಮೊದಲ ವಾರ ನಾನು ಬಾಯಿ ತೆರೆದರೆ ಊಟದ ಹಾಲ್ ಪೂರ್ತಿ ನಗುತ್ತಿತ್ತು. ‘ಕನ್ನಡದಲ್ಲೇ ತಮಿಳು ಮಾತಾಡ್ತಾಳೆ ಕಣ್ರೇ’ ಎಂದು ನನ್ನ ಹಾಗೇ ಎಳೆದು ತೋರಿಸುತ್ತಿದ್ದರು. ಒಂದು ವರ್ಷ ನಾನು ಕನ್ನಡಿಯ ಮುಂದೆ ಕುಳಿತು ನಾಲಗೆಯನ್ನು ಇಸ್ತ್ರಿ ಮಾಡಿದೆ. ಅಕ್ಷರ ಕಲಿತೆ, ಧಾಟಿ ಕಲಿತೆ. ರಜೆಗೆ ಊರಿಗೆ ಬಂದವಳು ಊಟಕ್ಕೆ ಕುಳಿತಾಗ ಆ ಹೊಸ ಕನ್ನಡದಲ್ಲಿ ಏನೋ ಕೇಳಿದೆ. ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದು ನಿಂತಳು.

‘ಇದ್ಯಾರ್ ಮನೆ ಮಾತವ್ವಾ? ರೇಡಿಯೋದೊಳ್ಗಿನ್ ಹೆಂಗ್ಸು ಬಂದ್ ಉಣ್ಣಕ್ ಕುಂತಂಗದೆ.’

ಎಲ್ಲರೂ ನಕ್ಕರು. ಹಾಸ್ಟೆಲಿನಲ್ಲಿ ಅಷ್ಟು ನಗು ತಿಂದು ಬಂದವಳಿಗೆ ಮನೆಯ ನಗು ತಡೆಯಲಾಗಲಿಲ್ಲ. ‘ಇದೇ ಸರಿಯಾದ ಕನ್ನಡ. ನೀವು ಆಡೋದು ಕಲಬೆರಕೆ’ ಎಂದೆ. ಅಕ್ಕ ಬಡಿಸಿ ಮುಗಿಸಿದಳು. ಮರುದಿನ ಬೆಳಿಗ್ಗೆ ಕಾಫಿ ಬೇಕಾ ಎಂದು ತಮಿಳಿನಲ್ಲಿ ಕೇಳಿದಳು. ನಾನು ತಮಿಳಿನಲ್ಲೇ ಬೇಕು ಎಂದೆ. ಅವತ್ತಿನಿಂದ ನಾವಿಬ್ಬರೂ ತಮಿಳೇ. ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಮದುವೆ, ಬಾಣಂತನ, ಸಾವು ಎಲ್ಲಕ್ಕೂ ಒಬ್ಬರಿಗೊಬ್ಬರು ಆದೆವು. ತಮಿಳಿನಲ್ಲಿ.

ಮೂರು ಗಂಟೆಗೆ ಥೆರಪಿಸ್ಟಿನ ಸಣ್ಣ ರೂಮಿನ ಬಾಗಿಲು ತಟ್ಟಿದೆ. ‘ಐ ಹ್ಯಾವ್ ಮೇಡ್ ಎ ಮಿಸ್ಟೇಕ್ ಇನ್ ದ ಫಾರಂ’ ಎಂದು ಶುರುಮಾಡಿ, ನನ್ನ ಅಕ್ಕನ ಮನೆಮಾತು ಕನ್ನಡ ಎಂದೆ. ಆ ಹುಡುಗಿ ಪೆನ್ನು ಕೆಳಗಿಟ್ಟಳು.

‘ಮೇಡಂ, ನಾನು ದಾವಣಗೆರೆಯವಳು ರೀ’ ಎಂದಳು, ಕನ್ನಡದಲ್ಲಿ. ‘ಎರಡು ವಾರದಿಂದ ನಿಮ್ಮಕ್ಕನ ಮುಂದೆ ತಮಿಳು ತಡವರಿಸ್ತಾ ನಿಂತಿದೀನಿ. ಒಂದು ಮಾತು ಹೇಳಬಾರದಿತ್ತೇನ್ರಿ?’

‘ನಮ್ಮ ಕಡೆ ಹೇಳೋದಿಲ್ಲ.’

‘ಹೇಳೋದಿಲ್ಲ ಅಂದ್ರೆ?’

ಅದನ್ನು ಇಪ್ಪತ್ತೈದರ ಹುಡುಗಿಗೆ ವಿವರಿಸುವ ಹೊತ್ತು ಅದಲ್ಲ. ಅವಳೂ ಒತ್ತಾಯಿಸಲಿಲ್ಲ. ಮಿದುಳಿಗೆ ಪೆಟ್ಟಾದಾಗ ಕೆಲವರಿಗೆ ಎರಡು ಭಾಷೆಗಳಲ್ಲಿ ಒಂದು ಮುಳುಗಿ ಒಂದು ಉಳಿಯುವುದುಂಟು ಎಂದಳು. ಗಡಿಯಾರ ನೋಡಿದಳು. ‘ಐದಕ್ಕೆ ಡಾಕ್ಟರ್ ಈವ್ನಿಂಗ್ ರೌಂಡ್ಸ್. ಅಷ್ಟರೊಳಗೆ ನಾಲ್ಕರಲ್ಲಿ ಮೂರು ಸೂಚನೆ ಪಾಲಿಸಿದ್ರೆ ನಾನು ಅವರ ಹತ್ರ ಮಾತಾಡ್ತೀನಿ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ ರೀ.’

ಅವಳೇ ಮೊದಲು ಪ್ರಯತ್ನಿಸಿದಳು. ‘ಅಜ್ಜಿ, ಕಣ್ಣು ಮುಚ್ಚಿರಿ ನೋಡೋಣ.’ ಚೆಂದದ, ಬಿಡಿಬಿಡಿಯಾದ ಕನ್ನಡ. ಅಕ್ಕ ಅವಳನ್ನು ನೋಡಿ, ಎಡಗೈಯಿಂದ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ತೋಟದ ಮನೆಗೆ ಯಾರಾದರೂ ಆಫೀಸಿನವರು ಬಂದರೆ ಸೆರಗು ಹೊದೆಯುತ್ತಿದ್ದಳಲ್ಲ, ಹಾಗೆ.

‘ನೀವು ಪರದೆ ಆಚೆ ಹೋಗೀಂಗಮ್ಮ’ ಎಂದಳು ಸೊಸೆ. ‘ಹೊರಗಿನವರು ಎದುರಿಗಿದ್ರೆ ಅತ್ತೆ ಏನೂ ಮಾಡಲ್ಲ.’

ಹುಡುಗಿ ಹಾಸಿಗೆಯ ಸುತ್ತಿನ ಪರದೆ ಎಳೆದು, ಆಚೆ ನಿಂತು, ಸಂದಿಯಿಂದ ನೋಡಿದಳು. ನನಗೆ ನಿಯಮ ಹೇಳಿದಳು: ತಲೆಯ ಹಿಂದೆ ನಿಲ್ಲಬೇಕು, ಕೈ ಬೆನ್ನ ಹಿಂದೆ ಕಟ್ಟಬೇಕು, ಸನ್ನೆ ಇರಬಾರದು, ದನಿ ಒಂದೇ.

‘ಅಕ್ಕ, ಕಣ್ಣು ಮುಚ್ಚು’ ಎಂದೆ.

ನನ್ನ ದನಿ ನನಗೇ ಕೇಳಿಸಿತು. ಸ್ಪಷ್ಟ, ಸ್ವಚ್ಛ, ಕ್ಲಾಸಿನ ಕೊನೆಯ ಬೆಂಚಿಗೂ ಮುಟ್ಟುವ ದನಿ. ಅಕ್ಕ ಬಾಗಿಲ ಕಡೆ ನೋಡುತ್ತಿದ್ದಳು. ಮತ್ತೆ ಹೇಳಿದೆ. ಬಾಯಿ ತೆಗೆ ಎಂದೆ. ಏನೂ ಇಲ್ಲ. ನಮ್ಮ ಧಾಟಿಯಲ್ಲಿ ಹೇಳಬೇಕು ಎಂದು ಕಣ್ಣು ಮುಚ್ಚಿ, ಅವ್ವನನ್ನು ನೆನೆದು, ಕೊನೆಯನ್ನು ಮೇಲಕ್ಕೆ ಎಳೆದು ಹೇಳಿದೆ. ಬಾಯಿಂದ ಬಂದದ್ದು ಅವ್ವನ ಧಾಟಿಯಲ್ಲ. ಆ ಹಾಸ್ಟೆಲಿನ ಹುಡುಗಿಯರು ನನ್ನನ್ನು ಅಣಕಿಸುತ್ತಿದ್ದ ಧಾಟಿ. ನನಗೆ ಉಳಿದದ್ದು ಅಷ್ಟೇ.

ನಾಲ್ಕೂ ಇಪ್ಪತ್ತಾಗಿತ್ತು.

‘ಚಿನ್ನತ್ತೆ, ನೀವು ಪಾಠ ಮಾಡ್ತಿದ್ದೀರುಂಗ’ ಎಂದಳು ಸೊಸೆ, ಮೆಲ್ಲಗೆ. ‘ಪದ ನನ್ನ ಕಿವೀಲಿ ಹೇಳಿ. ನಾನು ಹೇಳ್ತೀನಿ.’

‘ನಿನಗೆ ಬರೋದಿಲ್ಲವಲ್ಲ.’

‘ಹನ್ನೆರಡು ವರ್ಷದಿಂದ ಕೊಟ್ಟಿಗೇಲಿ ಕೇಳ್ತಿದ್ದೀನಿ. ಹಸುಗೆ ಹೇಳೋದಷ್ಟೇ ಗೊತ್ತು. ಮಿಕ್ಕಿದ್ದು ನೀವು ಕೊಡಿ.’

ಅವಳು ಇಷ್ಟು ಹೇಳಿದ್ದು ನನಗೆ ಚುಚ್ಚಿತು, ಅದನ್ನು ಮುಚ್ಚಿಡುವುದಿಲ್ಲ. ಅಕ್ಕ ನನ್ನವಳು, ಮಾತು ನನ್ನದು, ಎರಡು ವಾರದಿಂದ ಈ ಸ್ಟೂಲಿನ ಮೇಲೆ ಕುಳಿತವಳು ನಾನು. ಪರದೆಯ ಆಚೆಯಿಂದ ಥೆರಪಿಸ್ಟ್ ‘ಟ್ರೈ ಮಾಡಿ ಮೇಡಂ, ಟೈಮಿಲ್ಲ’ ಎಂದಳು. ನಾನು ಸರಿದು ನಿಂತೆ. ಸೊಸೆ ತಲೆಯ ಹಿಂದೆ ಕೈಕಟ್ಟಿ ನಿಂತಳು. ಅವಳ ಕಿವಿಯಲ್ಲಿ ಹೇಳಿದೆ.

ಅತ್ತೆಗೆ ಬರೀ ‘ಮುಚ್ಚು’ ಎನ್ನಲು ಅವಳ ನಾಲಗೆ ಒಪ್ಪಲಿಲ್ಲ. ತನ್ನ ಊರಿನ ಗೌರವವನ್ನು ಅದಕ್ಕೆ ಕಟ್ಟಿದಳು. ‘ಅತ್ತೇ, ಕಣ್ ಮುಚ್ಚುಂಗ.’

ಪದ ನಮ್ಮದು, ಎಳೆತ ಕಾಂಗೇಯಂನದು, ಕೇಳಿಸಿದ್ದು ಅವ್ವ.

ಅಕ್ಕ ಕಣ್ಣು ಮುಚ್ಚಿದಳು.

ರೆಪ್ಪೆ ಬಡಿದದ್ದಿರಬಹುದು ಎಂದುಕೊಂಡೆ. ಥೆರಪಿಸ್ಟ್ ಆಚೆಯಿಂದ ಪಿಸುಮಾತಿನಲ್ಲಿ ಎಣಿಸುತ್ತಿದ್ದಳು. ಐದಕ್ಕೆ ಬಂದರೂ ಕಣ್ಣು ಮುಚ್ಚಿಯೇ ಇತ್ತು. ‘ಬಿಡುಂಗ’ ಎಂದ ಮೇಲೆಯೇ ತೆರೆದಳು.

‘ಊಹೆ ಮಾಡಕ್ಕೆ ಆಗದ್ದು ಒಂದು ಹೇಳಿ’ ಎಂದಳು ಥೆರಪಿಸ್ಟ್. ‘ಕಿವಿ ಮುಟ್ಟೋಕೆ ಹೇಳಿ.’

‘ಕಿವಿ ಮುಟ್ಟುಂಗ ಅತ್ತೇ.’ ಅಕ್ಕನ ಎಡಗೈ ಎದ್ದಿತು, ಗಲ್ಲದ ಹತ್ತಿರ ಬಂದು ನಿಂತಿತು. ಕೈ ಮತ್ತೆ ಹೊರಟು ಕಿವಿಯನ್ನು ಸೇರಿತು. ಅಲ್ಲೇ ಬೆರಳಾಡಿಸಿತು. ಆಸ್ಪತ್ರೆಯವರು ಓಲೆ ಬಿಚ್ಚಿಸಿದ್ದರು, ತೂತು ಬರಿದಾಗಿತ್ತು. ಅಕ್ಕ ಕಣ್ಣು ತಿರುಗಿಸಿ ನನ್ನನ್ನು ಹುಡುಕಿ ನೋಡಿದಳು. ನನ್ನ ಹತ್ತಿರ ಜೋಪಾನವಾಗಿದೆ ಎಂದು ಹೇಳಿದೆ. ಹೇಳಿದ ಮೇಲೆ ಗೊತ್ತಾಯಿತು, ಹೇಳಿದ್ದು ತಮಿಳಿನಲ್ಲಿ. ಅವಳಿಗದು ಮುಟ್ಟಿತೋ ಇಲ್ಲವೋ.

ನಾಲಗೆ ಹೊರಗೆ ಹಾಕು ಎಂದದ್ದಕ್ಕೆ ಏನೂ ಮಾಡಲಿಲ್ಲ. ಎರಡು ಸಲ ಕೇಳಿದರೂ ಇಲ್ಲ. ಕೊನೆಯದು ಬಾಯಿ ತೆಗೆಯುವುದು. ಸೊಸೆ ಅದನ್ನು ಹೇಳುವಷ್ಟರಲ್ಲಿ ಕಾರಿಡಾರಿನಲ್ಲಿ ಬೂಟಿನ ಸದ್ದಾಯಿತು. ಡಾಕ್ಟರು ಕಾಲು ಗಂಟೆ ಮುಂಚೆಯೇ ಬಂದಿದ್ದರು, ಹಿಂದೆ ಇಬ್ಬರು ಜೂನಿಯರ್‌ಗಳು. ಥೆರಪಿಸ್ಟ್ ಅವಸರದಲ್ಲಿ ಹೇಳಿದ್ದನ್ನು ಕೇಳಿ, ಪರದೆ ಸರಿಸಿ ಒಳಗೆ ಬಂದು, ‘ಷೋ ಮಿ’ ಎಂದರು.

ಸೊಸೆ ಕೇಳಿದಳು. ಅಕ್ಕ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ಮತ್ತೆ ಕೇಳಿದಳು. ಅಕ್ಕನ ಮುಖ ಗೋಡೆಯಾಯಿತು. ಡಾಕ್ಟರು ನನ್ನ ಕಡೆ ಕನಿಕರದಿಂದ ನೋಡಿದರು. ಮನೆಯವರು ಹೀಗೆಲ್ಲ ಆಸೆ ಪಡುತ್ತಾರೆ ಎಂಬ ನೋಟ. ಕೈಗಡಿಯಾರ ನೋಡಿಕೊಂಡರು.

‘ಡಾಕ್ಟರ್, ನೀವು ಹೊರಗೆ ನಿಲ್ಲಬೇಕು’ ಎಂದೆ ಇಂಗ್ಲಿಷಿನಲ್ಲಿ.

‘ಎಕ್ಸ್‌ಕ್ಯೂಸ್ ಮಿ?’

‘ನಮ್ಮಲ್ಲಿ ಹೊರಗಿನವರ ಮುಂದೆ ಈ ಮಾತು ನಡೆಯೋದಿಲ್ಲ. ನಾನೇ ನಿಮ್ಮ ಫಾರಂನಲ್ಲಿ ಸುಳ್ಳು ಬರೆದಿದ್ದೇನೆ, ಅವಳಿಗೆ ನೀವು ಕೊಟ್ಟ ಸೊನ್ನೆ ನನ್ನದು. ಪ್ಲೀಸ್. ಐದು ನಿಮಿಷ ಪರದೆ ಆಚೆ.’

ಜೂನಿಯರ್‌ಗಳು ನೆಲ ನೋಡಿದರು. ನಲವತ್ತು ವರ್ಷ ಮಕ್ಕಳನ್ನು ಕ್ಲಾಸಿನಿಂದ ಹೊರಗೆ ಕಳಿಸಿದ ದನಿ ಅವತ್ತು ಉಪಯೋಗಕ್ಕೆ ಬಂತೋ ಏನೋ, ಡಾಕ್ಟರು ಹೊರಗೆ ಹೋದರು. ಪರದೆಯ ಕೆಳಗೆ ಅವರ ಬೂಟು ಕಾಣುತ್ತಿತ್ತು.

‘ಬಾಯ್ ತಗೀಂಗ ಅತ್ತೇ.’

ತೆಗೆದಳು. ಒಣಗಿ ಬಿಳಿಚಿದ ನಾಲಗೆ ಕಂಡಿತು. ಮೂರಾಯಿತು.

‘ಒಂದು ಚಮಚ ಕೊಟ್ಟು ನೋಡೋಣ ಸರ್?’ ಥೆರಪಿಸ್ಟ್ ಆಚೆ ಕೇಳಿದ್ದು ಕೇಳಿಸಿತು. ಡಾಕ್ಟರು ಕೇಸ್ ಶೀಟು ತಿರುವಿದ ಸದ್ದು. ಆಮೇಲೆ ‘ಹಾಫ್ ಎ ಸ್ಪೂನ್. ಸಕ್ಷನ್ ರೆಡಿ ಇಡಿ’ ಎಂದರು. ಗಂಟಲಲ್ಲಿ ಸಿಕ್ಕಿಕೊಂಡರೆ ಎಳೆಯುವ ಯಂತ್ರವನ್ನು ನರ್ಸ್ ತಳ್ಳಿಕೊಂಡು ಬಂದಳು. ಅದರ ಚಕ್ರದ ಕಿರುಗುಟ್ಟುವಿಕೆ ಈಗಲೂ ನನ್ನ ಹಲ್ಲಿನಲ್ಲಿದೆ. ಥೆರಪಿಸ್ಟ್ ಹಾಸಿಗೆಯನ್ನು ನೆಟ್ಟಗೆ ಎತ್ತಿ, ಹಿಂದಿನಿಂದ ಅಕ್ಕನ ಗಂಟಲಿಗೆ ಎರಡು ಬೆರಳಿಟ್ಟಳು. ಸೊಸೆಯ ಕೈಯಿಂದ ಗಟ್ಟಿ ಗಂಜಿ ಅರ್ಧ ಚಮಚ ಬಾಯೊಳಗೆ ಹೋಯಿತು. ಅಲ್ಲೇ ನಿಂತಿತು. ತುಟಿಯ ಬಲ ಅಂಚಿನಿಂದ ಸ್ವಲ್ಪ ಇಳಿಯಿತು.

‘ನುಂಗು’ ಎಂದು ಸೊಸೆಯ ಕಿವಿಯಲ್ಲಿ ಹೇಳಿದೆ.

‘ಮುಳುಂಗುಂಗ ಅತ್ತೇ’ ಎಂದಳು ಅವಳು. ನಾನು ಕೊಟ್ಟ ಪದವಲ್ಲ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದುದು ಹಾಗೇ, ತಮಿಳಿನ ಪದವನ್ನೇ; ಅದು ನನಗೆ ಮರೆತಿತ್ತು. ಅಕ್ಕನ ಹುಬ್ಬು ಗಂಟಿಕ್ಕಿತು. ಗಂಟಲು ಒಮ್ಮೆ ಮೇಲೆದ್ದು ಇಳಿಯಿತು. ನಾವು ಕೆಮ್ಮಿಗಾಗಿ ಕಾದೆವು. ಹತ್ತು ಎಣಿಸುವಷ್ಟು ಹೊತ್ತು. ಕೆಮ್ಮು ಬರಲಿಲ್ಲ.

‘ಹೋಯ್ತು, ಕ್ಲೀನಾಗಿ ಹೋಯ್ತು’ ಎಂದಳು ಥೆರಪಿಸ್ಟ್.

ಅಕ್ಕನ ತುಟಿ ಅಲ್ಲಾಡಿತು. ‘ಉಪ್ಪ್’ ಎಂದಳು. ಉಸಿರು ತೆಗೆದುಕೊಂಡಳು. ‘ಇಲ್ಲ.’

ತಮಿಳಿನಲ್ಲೂ ಅದು ‘ಉಪ್ಪು ಇಲ್ಲ’ವೇ; ಪರದೆಯ ಆಚೆಯಿದ್ದ ಡಾಕ್ಟರಿಗೆ ಯಾರೂ ಅದನ್ನು ಇಂಗ್ಲಿಷ್ ಮಾಡಿ ಹೇಳಬೇಕಾಗಲಿಲ್ಲ. ಬೂಟುಗಳು ಪಕ್ಕಕ್ಕೆ ತಿರುಗಿದವು. ‘ಎಂಟು ಗಂಟೆಯದನ್ನು ಕ್ಯಾನ್ಸಲ್ ಮಾಡಿ’ ಎಂದು ಜೂನಿಯರ್‌ಗೆ ಹೇಳಿದ್ದು ಕೇಳಿಸಿತು. ನಮಗೆ ಒಂದು ವಾರ ಕೊಟ್ಟರು. ದಿನಕ್ಕೆ ಮೂರು ಸಲ ಅಭ್ಯಾಸ, ಶ್ವಾಸಕೋಶಕ್ಕೆ ಇಳಿದು ಒಮ್ಮೆ ಜ್ವರ ಬಂದರೂ ಹೊಟ್ಟೆಗೆ ಟ್ಯೂಬ್. ಜ್ವರ ಬರಲಿಲ್ಲ. ಮುಂದೆ ಎರಡು ವರ್ಷ, ಕೊನೆಯವರೆಗೂ, ಅಕ್ಕ ಬಾಯಿಂದಲೇ ಉಂಡಳು.

ಆದರೆ ಅವತ್ತಿನ ಸಂಜೆ ನಮಗೆ ಅದೆಲ್ಲ ಗೊತ್ತಿರಲಿಲ್ಲ. ಒಂದೇ ವಾರ ಎಂಬುದಷ್ಟೇ ಗೊತ್ತಿತ್ತು. ಅಕ್ಕ ನಿದ್ದೆ ಹೋಗಿದ್ದಳು. ಸೊಸೆ ನನ್ನ ಡೈರಿಯನ್ನು ಎಳೆದುಕೊಂಡು, ‘ನಂಗೆ ಎಲ್ಲಾನೂ ಬರೆದುಕೊಡೀಂಗ’ ಎಂದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅಕ್ಕನಿಗೂ ಬರುತ್ತಿರಲಿಲ್ಲ. ನಾನು ತಮಿಳು ಅಕ್ಷರದಲ್ಲಿ ಬರೆಯುತ್ತ ಹೋದೆ: ಕುಂತ್ಕ, ಮಗ್ಗುಲಾಗು, ನೋವದಾ, ನೀರ್ ಬೇಕಾ. ಅವಳು ಒಂದೊಂದನ್ನೂ ಓದಿ, ತನ್ನ ಊರಿನ ಎಳೆತ ಸೇರಿಸಿ, ಮೆಲ್ಲಗೆ ಬಾಯಿಬಿಟ್ಟು ಹೇಳಿ ನೋಡುತ್ತಿದ್ದಳು. ನಾನು ಬರೆದದ್ದು ಅವಳ ಬಾಯಲ್ಲಿ ಸರಿಯಾಗುತ್ತಿತ್ತು.

‘ತಲೆ ಕೆಳಗೆ ಇಡ್ತೀವಲ್ಲ, ಇದಕ್ಕೆ?’ ಎಂದು ದಿಂಬನ್ನು ತಟ್ಟಿ ಕೇಳಿದಳು.

ಮೈಸೂರಿನ ಪದ ತಕ್ಷಣ ಬಂತು. ತಮಿಳಿನದೂ ಬಂತು, ಇಂಗ್ಲಿಷಿನದೂ ಬಂತು. ಅವ್ವ ಏನೆನ್ನುತ್ತಿದ್ದಳು? ಹತ್ತಿ ತುಂಬಿ ಹೊಲಿಯುತ್ತಿದ್ದ ಅವಳ ಕೈ ಕಾಣುತ್ತಿತ್ತು, ಸೂಜಿ ಕಾಣುತ್ತಿತ್ತು, ಪದ ಕೇಳಿಸುತ್ತಿರಲಿಲ್ಲ. ಒಂದು ಸಾಲು ಬಿಟ್ಟು ಪೆನ್ನನ್ನು ಕೆಳಗಿನ ಸಾಲಿಗೆ ಇಟ್ಟೆ.

‘ಅದೊಂದು ಜಾಗ ಬಿಟ್ಟಿರ್ತೀನಿ’ ಎಂದೆ. ‘ಅಕ್ಕ ಎದ್ದ ಮೇಲೆ ಅವಳನ್ನೇ ಕೇಳೋಣ.’